ಅಳತೆ ಹಿಡಿದು ಕತ್ತರಿಸಿದ ಕುಂಬಳಕಾಯಿ

ಕುಂಬಳಕಾಯಿಗೆ ಅಳತೆ ತೆಗೆಯುವ ದರ್ಜಿಯನ್ನು ಯಾರೂ ನೋಡಿರಲಾರರು. ಟೇಪಣ್ಣ ತೆಗೆದ. ಸುತ್ತಳತೆ ಮೂವತ್ತೆಂಟೂವರೆ ಇಂಚು, ತೊಟ್ಟಿನಿಂದ ಬುಡದವರೆಗೆ ಹದಿನಾರು. ಅದನ್ನು ಚೀಟಿಯಲ್ಲಿ ಬರೆದುಕೊಂಡು, ಗಿರಾಕಿಗಳ ವಿಷಯದಲ್ಲಿ ಮಾಡುವ ಹಾಗೆ ಪಕ್ಕದಲ್ಲಿ ಸಣ್ಣದಾಗಿ 'ಹೊಟ್ಟೆ ಮುಂದಿದೆ' ಎಂದೂ ಸೇರಿಸಿದ. ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಕೂತಿದ್ದ ಆ ಕಾಯಿಗೆ ಒಂದು ಸುತ್ತು ಬಂದು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡ.

ಕೊರಳಲ್ಲಿ ಟೇಪಿಲ್ಲದೆ ಅವನನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ಅವನು ಎಲ್ಲರಿಗೂ ಟೇಪಣ್ಣ. ವಯಸ್ಸು ಐವತ್ತೆಂಟು. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ "ಅಳತೆ ಸರಿಹೋಗಲಿಲ್ಲ" ಎಂದು ಹೇಳಿ ಮೆಷಿನ್ನಿನ ಚಕ್ರ ತಿರುಗಿಸುತ್ತಿದ್ದ. ಅವನ ಅಕ್ಕನಿಗೂ ಮದುವೆಯಾಗಿರಲಿಲ್ಲ. ಯಾಕೆಂದು ಅವಳನ್ನು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಅವಳು ಒಮ್ಮೆ "ತಿರುಗಿ ಮಲಗಿ" ಎಂದರೆ ಪೈಲ್ವಾನರೂ ತುಟಿಪಿಟಕ್ಕೆನ್ನದೆ ಸೂಜಿಗೆ ಬೆನ್ನು ತೋರಿಸುತ್ತಿದ್ದರು.

ಅಕ್ಕ ತಮ್ಮ ಇಬ್ಬರೂ ಒಂದೇ ಸೂರಿನಡಿ ಮೂವತ್ತು ವರ್ಷ ಕಳೆದಿದ್ದರು. ಮನೆಯ ಮುಂದಿನ ಕೋಣೆ ಅವನ ಅಂಗಡಿ, ನಡುವೆ ಹಜಾರ, ಹಿಂದೆ ಅಡುಗೆಮನೆ. ಮೆಷಿನ್ನು ಅವನದು, ಒಲೆ ಅವಳದು. ಅವನು ನೀರು ಕುಡಿಯಲು ಅಡುಗೆಮನೆಗೆ ಬಂದರೂ "ಯಾಕೆ ಬಂದೆ?" ಎಂಬ ಪ್ರಶ್ನೆ ಎದುರಾಗುತ್ತಿತ್ತು. ಅವಳು ಅಂಗಡಿಗೆ ಬಂದು ಕತ್ತರಿಗೆ ಕೈ ಹಾಕಿದರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಬಟ್ಟೆ ಬಿಟ್ಟು ಬೇರೇನನ್ನೂ ಆ ಕತ್ತರಿ ಮುಟ್ಟಬಾರದು. ಹೀಗೆ ಗಡಿ ಹಾಕಿಕೊಂಡು ಇಬ್ಬರೂ ಸುಖವಾಗಿಯೇ ಇದ್ದರು.

ನಾಲ್ಕು ದಿನದ ಹಿಂದೆ ಈ ಕುಂಬಳಕಾಯಿ ಆ ಸುಖಕ್ಕೆ ಕಲ್ಲು ಹಾಕಿತು. ಹಿತ್ತಲಿನ ಕಸದ ಗುಂಡಿಯಲ್ಲಿ ಯಾರೂ ಬಿತ್ತದೆಯೇ ಹುಟ್ಟಿದ ಬಳ್ಳಿ ಶೆಡ್ಡಿನ ತಗಡಿನ ಮೇಲೆ ಹಬ್ಬಿ, ಒಂದೇ ಒಂದು ಕಾಯಿ ಬಿಟ್ಟಿತ್ತು. ಬಣ್ಣ ತಿರುಗಿದ್ದೇ ತಡ, ಅಕ್ಕ ಸ್ಟೂಲು ಹತ್ತಿದಳು. ತಮ್ಮನನ್ನು ಕರೆಯುವುದೆಂದರೆ ಅವಳಿಗೆ ಅವಮಾನ. ಸ್ಟೂಲು ಒಂದು ಕಡೆ, ಅಕ್ಕ ಇನ್ನೊಂದು ಕಡೆ, ಕುಂಬಳಕಾಯಿ ಮತ್ತೊಂದು ಕಡೆ ಬಿದ್ದವು. ಕುಂಬಳಕಾಯಿ ಟೇಪಣ್ಣನ ಚಿಂದಿ ಬಟ್ಟೆಯ ಮೂಟೆಯ ಮೇಲೆ ಬಿತ್ತು, ಒಂದು ಗೀರೂ ಆಗಲಿಲ್ಲ. ಅಕ್ಕ ಸಿಮೆಂಟಿನ ಮೇಲೆ ಬಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು. ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರು, ಆರು ವಾರ.

ಸುದ್ದಿ ಮುಟ್ಟಿದ ಅರ್ಧ ಗಂಟೆಯಲ್ಲಿ ಪುಟ್ಟಿಯ ಫೋನು ಬಂತು. ಪುಟ್ಟಿ ಇವರ ಕೊನೆಯ ತಂಗಿ. ಐವತ್ತೆರಡು ವರ್ಷವಾಗಿ, ಬ್ಯಾಂಕಿನಲ್ಲಿ ಮ್ಯಾನೇಜರಾಗಿ, ಹತ್ತಾರು ಜನರನ್ನು ಗದರಿಸುವ ಸ್ಥಾನಕ್ಕೆ ಬಂದಿದ್ದರೂ ಈ ಮನೆಯಲ್ಲಿ ಅವಳು ಪುಟ್ಟಿಯೇ. ನಗರದ ಇನ್ನೊಂದು ತುದಿಯಲ್ಲಿ ಅವಳ ಮನೆ. ಲಿಫ್ಟು, ಹೂದೋಟ, ಅಡುಗೆಯವಳು, ಗೋಡೆಯಗಲದ ಟೀವಿ ಎಲ್ಲ ಇತ್ತು.

"ಅಕ್ಕನ್ನ ಇಲ್ಲಿಗೆ ಕರ್ಕೊಂಡು ಬರ್ತೀನಿ," ಎಂದಳು ಪುಟ್ಟಿ. "ಅಣ್ಣ ನೀರು ಕಾಯ್ಸಿದ್ರೆ ಅದೂ ಸೀದುಹೋಗುತ್ತೆ. ಅವಳಿಗೆ ಊಟ ಯಾರು ಹಾಕ್ತಾರೆ?"

"ನಾನು ಮಾಡ್ತೀನಿ," ಎಂದ ಟೇಪಣ್ಣ.

ಫೋನಿನ ಆ ಕಡೆ ಪುಟ್ಟಿ ನಕ್ಕದ್ದು ಈ ಕಡೆ ಕೂತಿದ್ದ ಅಕ್ಕನಿಗೂ ಕೇಳಿಸಿತು. ನಗು ಮುಗಿದ ಮೇಲೆ ಪುಟ್ಟಿ ಒಂದು ಷರತ್ತು ಹಾಕಿದಳು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಬರುತ್ತೇನೆ. ಅನ್ನ ಮತ್ತು ಅದೇ ಕುಂಬಳಕಾಯಿಯ ಅಡುಗೆ. ಎಲ್ಲ ಅಣ್ಣನ ಕೈಯಿಂದಲೇ ಆಗಬೇಕು, ಅಕ್ಕ ಅವನಿಗೆ ಒಂದು ಮಾತೂ ಹೇಳಿಕೊಡಬಾರದು. ಊಟ ಸರಿಯಾಗಿದ್ದರೆ ಅಕ್ಕ ಅಲ್ಲೇ ಇರಲಿ. ಇಲ್ಲದಿದ್ದರೆ ಬ್ಯಾಗು ಕಟ್ಟಿಕೊಂಡು ನನ್ನ ಜೊತೆ ಹೊರಡಲಿ. ಅಕ್ಕನನ್ನು ಕೇಳಿದ್ದಕ್ಕೆ ಅವಳು "ನೋಡೋಣ" ಎಂದಳು.

ಆ 'ನೋಡೋಣ' ಟೇಪಣ್ಣನನ್ನು ನಾಲ್ಕು ದಿನ ತಿಂದುಹಾಕಿತು. ಪುಟ್ಟಿಯ ಮನೆಗೆ ಹೋದವರು ಹಿಂತಿರುಗಿ ಬಂದದ್ದನ್ನು ಅವನು ಕಂಡಿರಲಿಲ್ಲ. ಹಿಂದೆ ಚಿಕ್ಕಮ್ಮ ಹದಿನೈದು ದಿನಕ್ಕೆಂದು ಹೋಗಿ, ಒಂಬತ್ತು ವರ್ಷ ಸಂತೋಷವಾಗಿದ್ದು, ಅಲ್ಲೇ ಕಣ್ಣು ಮುಚ್ಚಿದಳು. ಅಕ್ಕನಿಗೂ ಅಲ್ಲಿಯ ಸುಖ ಹಿಡಿಸಿಬಿಟ್ಟರೆ? ಅವಳಿಲ್ಲದ ಮನೆಯಲ್ಲಿ ಸಂಜೆ ಮೆಷಿನ್ನು ನಿಲ್ಲಿಸಿದ ಮೇಲೆ ಏನು ಕೇಳಿಸುತ್ತದೆ ಎಂದು ಯೋಚಿಸಿ, ಕೆಲಸ ಮುಗಿದರೂ ಚಕ್ರವನ್ನು ಸುಮ್ಮನೆ ತಿರುಗಿಸುತ್ತಲೇ ಇರುತ್ತಿದ್ದ.

'ಹೋಗಬೇಡ ಅಕ್ಕ' ಎಂದು ಹೇಳಿಬಿಟ್ಟರೆ ಮುಗಿಯಿತಲ್ಲ ಎಂದು ನಿಮಗನ್ನಿಸಬಹುದು. ಅವನಿಗೂ ಅನ್ನಿಸಿತು. ಮೊದಲ ದಿನ ಬೆಳಿಗ್ಗೆ ಅವಳ ತಲೆ ಬಾಚಿ, ರವಿಕೆಯ ಅಂಚಿಗೆ ಪೈಪಿಂಗ್ ಹೊಲಿದ ಹಾಗೆ ನೀಟಾಗಿ ಜಡೆ ಹೆಣೆಯುವಾಗ ಆ ಮಾತು ಗಂಟಲವರೆಗೆ ಬಂದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು "ರಬ್ಬರ್ ಬ್ಯಾಂಡು ಬಿಗಿಯಾಯ್ತಾ?" ಎಂಬ ಪ್ರಶ್ನೆ. ಮರುದಿನ ಮುರಿದ ಕೈಯನ್ನು ತೂಗುಹಾಕುವ ಬಟ್ಟೆಯ ಜೋಳಿಗೆ ಕಟ್ಟುವಾಗ ಇನ್ನೊಮ್ಮೆ ಪ್ರಯತ್ನಿಸಿದ. ಆಗ ಬಂದದ್ದು "ಬಟನ್ ಹಾಕ್ಲಾ?" ಮೂವತ್ತು ವರ್ಷ ಒಬ್ಬರ ಕಾಲು ಒಬ್ಬರು ಎಳೆಯುತ್ತಲೇ ಬದುಕಿದವರಿಗೆ ಇಂಥ ಮಾತಿಗೆ ನಾಲಿಗೆ ಹೊರಳುವುದಿಲ್ಲ. ಅದಕ್ಕಿಂತ ಕುಂಬಳಕಾಯಿ ಕತ್ತರಿಸುವುದೇ ಸುಲಭ ಎಂದುಕೊಂಡ, ಪಾಪ.

ಹೀಗೆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಅವನು ಅಡುಗೆಮನೆಯಲ್ಲಿ ಕಾಯಿಯ ಎದುರು ನಿಂತಿದ್ದ. ಅಕ್ಕ ಹಜಾರದ ಕಿಟಕಿಯ ಪಕ್ಕ, ಬೀದಿಗೆ ಮುಖ ಮಾಡಿ, ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಪಕ್ಕದ ಮನೆಯ ಬೂದು ಬೆಕ್ಕು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ತಮ್ಮನಿಗೆ ಹೇಳಿಕೊಡುವುದಿಲ್ಲವೆಂದು ಅಕ್ಕ ಪುಟ್ಟಿಗೆ ಮಾತು ಕೊಟ್ಟಿದ್ದಳು. ಬೆಕ್ಕಿನ ಜೊತೆ ಮಾತಾಡುವುದಿಲ್ಲವೆಂದು ಯಾರಿಗೂ ಮಾತು ಕೊಟ್ಟಿರಲಿಲ್ಲ.

"ನೋಡು ಬೆಕ್ಕೇ," ಎಂದಳು, ಅಡುಗೆಮನೆಗೆ ಸರಿಯಾಗಿ ಕೇಳಿಸುವಷ್ಟು ಗಟ್ಟಿಯಾಗಿ. "ಕೆಲವರು ತರಕಾರಿ ಕತ್ತರಿಸೋಕೆ ಮುಂಚೆ ಅದನ್ನ ತೊಳೀತಾರಂತೆ. ಇನ್ನು ಕೆಲವರು ಅಳತೆ ತಗೋತಾರಂತೆ."

ಟೇಪಣ್ಣ ಟೇಪನ್ನು ಮೆಲ್ಲಗೆ ಸುತ್ತಿ ಜೇಬಿಗೆ ಹಾಕಿಕೊಂಡ. ಅವಳು ಅಲ್ಲಿ ಕೂತು ಇಲ್ಲಿಯದನ್ನು ಹೇಗೆ ಕಂಡಳೋ. ಕಾಯಿಯನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿದು, ಅಂಟಿದ್ದ ಒಣಮಣ್ಣು ಹೋಗುವ ಹಾಗೆ ಉಜ್ಜಿದ.

"ತೊಳೆದ ಮೇಲೆ ಒರೆಸ್ಬೇಕು ಬೆಕ್ಕೇ. ಒದ್ದೆ ಕಾಯಿ ಚಾಕು ಕೆಳಗೆ ಜಾರುತ್ತೆ. ಈ ಮನೇಲಿ ಒಂದು ಕೈ ಮುರಿದಿರೋದು ಸಾಲ್ದಾ?"

"ಆ ಬೆಕ್ಕಿಗೆ ಅಡುಗೆ ಕಲ್ತು ಏನಾಗ್ಬೇಕಂತೆ?" ಎಂದ ಟೇಪಣ್ಣ ಒಳಗಿನಿಂದ.

"ಪಾಪ, ಅದಕ್ಕೂ ಒಬ್ಬ ತಮ್ಮ ಇರಬಹುದು," ಎಂದಳು ಅಕ್ಕ.

ಅವನು ಪ್ಯಾಂಟು ಹೊಲಿದು ಉಳಿದ ಬಟ್ಟೆಯ ತುಂಡೊಂದರಿಂದ ಕಾಯಿಯನ್ನು ಒರೆಸಿದ. ಬಟ್ಟೆಗೆ ಗೀಟು ಹಾಕುವ ನೀಲಿ ಚಾಕ್‌ಪೀಸು ತಂದು, ಕಾಯಿಯ ಏಣುಗಳ ಗುಂಟ ಮೇಲಿನಿಂದ ಕೆಳಕ್ಕೆ ಗೆರೆ ಎಳೆದ. ಗೆರೆಗಳೆಲ್ಲ ನೇರ, ಎಲ್ಲದರ ನಡುವೆ ಒಂದೇ ಅಂತರ. ನೋಡಿ ತಾನೇ ಮೆಚ್ಚಿಕೊಂಡ. ನಂತರ ದೊಡ್ಡ ಚಾಕು ತೆಗೆದುಕೊಂಡು ಉಸಿರು ಬಿಗಿಹಿಡಿದು ನಡುಗೆರೆಯ ಮೇಲೆ ಊರಿದ.

ಚಾಕು ಎರಡು ಬೆರಳಿನಷ್ಟು ಇಳಿದು ಸಿಕ್ಕಿಕೊಂಡಿತು. ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ. ಎಳೆದ. ಕಾಯಿಯೂ ಚಾಕುವಿನ ಜೊತೆ ಎದ್ದು ಬಂತು. ಎರಡನ್ನೂ ಎತ್ತಿ ಮೇಜಿಗೆ ಕುಟ್ಟಿದ. ತಟ್ಟೆ ಲೋಟಗಳೆಲ್ಲ ಒಮ್ಮೆ ಕುಣಿದವು.

"ಬೆಕ್ಕೇ, ನಮ್ಮ ಆಸ್ಪತ್ರೆಗೆ ಒಬ್ಬ ಹೊಸ ಡಾಕ್ಟ್ರು ಬಂದಿದ್ರು," ಎಂದಳು ಅಕ್ಕ. "ಆಪರೇಷನ್ ಅಂದ್ರೆ ಪೇಷೆಂಟ್ ಜೊತೆ ಕುಸ್ತಿ ಅಂದ್ಕೊಂಡಿದ್ರು. ಮೊದ್ಲು ತೊಟ್ಟಿನ ಕಡೆ ಒಂದು ಬಿಲ್ಲೆ, ಬುಡದ ಕಡೆ ಒಂದು ಬಿಲ್ಲೆ ತೆಗೆದ್ರೆ ಕಾಯಿ ಅಲುಗಾಡದೆ ಕೂರುತ್ತೆ. ಆಮೇಲೆ ಮಧ್ಯದಲ್ಲಿ ಸೀಳ್ಬಹುದು. ಆದ್ರೆ ಯಾರಿಗೆ ಹೇಳ್ಲಿ, ನೀನಂತೂ ಮೀನು ಬಿಟ್ರೆ ಬೇರೇನೂ ಮುಟ್ಟಲ್ಲ."

ಟೇಪಣ್ಣ ಚಾಕುವನ್ನು ಹೇಗೋ ಅಲ್ಲಾಡಿಸಿ ಬಿಡಿಸಿಕೊಂಡು, ತೊಟ್ಟಿನ ಬಿಲ್ಲೆ ತೆಗೆದ, ಬುಡದ ಬಿಲ್ಲೆ ತೆಗೆದ. ಕಾಯಿ ಗಟ್ಟಿಯಾಗಿ ಕೂತಿತು. ಈ ಸಲ ಚಾಕು ಕರಕರ ಎಂದು ಕೆಳಗಿನವರೆಗೂ ಇಳಿದು, ಕಾಯಿ ಎರಡು ಹೋಳಾಗಿ ತೆರೆದುಕೊಂಡಿತು. ಹಸಿಹಸಿ ಸಿಹಿ ವಾಸನೆ ಅಡುಗೆಮನೆಯ ತುಂಬ ಹರಡಿತು. ಒಳಗಿನ ಬಣ್ಣ ನೋಡಿ ಅವನು ಒಂದು ಕ್ಷಣ ಕೆಲಸ ಮರೆತ. ಹೊರಗೆ ಮಾಸಲು ಕೋಟಿನ ಹಾಗಿದ್ದ ಕಾಯಿಗೆ ಒಳಗೆ ಇಂಥ ಅಸ್ತರು ಕೊಟ್ಟವರು ಯಾರಪ್ಪ ಎಂದುಕೊಂಡ.

ಬೀಜಗಳು ನಾರಿನ ಗೋಜಲಿನಲ್ಲಿ ಸಿಕ್ಕಿಕೊಂಡಿದ್ದವು. ಗಂಟಾದ ನೂಲನ್ನು ಬಿಡಿಸುವ ತಾಳ್ಮೆಯಿಂದ ಅವನು ಒಂದೊಂದೇ ಬೀಜವನ್ನು ಎರಡು ಬೆರಳಿನಲ್ಲಿ ಹಿಡಿದು, ನಾರು ಬಿಡಿಸಿ, ತಟ್ಟೆಯಲ್ಲಿ ಸಾಲಾಗಿ ಇಟ್ಟ. ಕಾಲು ಗಂಟೆ ಕಳೆಯಿತು. ಹದಿನೇಳು ಬೀಜ ಬಂದಿದ್ದವು.

"ಯಾಕೆ ಒಳಗೆ ಸದ್ದೇ ಇಲ್ಲ ಬೆಕ್ಕೇ? ಬೀಜ ಆರಿಸ್ತಾ ಕೂತಿದ್ದಾರೇನೋ. ಹಾಗೆ ಆರಿಸಿದ್ರೆ ಪುಟ್ಟಿಗೆ ಈ ಭಾನುವಾರ ಅಲ್ಲ, ಮುಂದಿನ ಭಾನುವಾರ ಊಟ. ಚಮಚ ಅಂತ ಒಂದು ವಸ್ತು ಇದೆ. ಕಾಯಿಯ ಒಳಗೋಡೆಗೆ ಒತ್ತಿ ಕೆರೆದ್ರೆ ನಾರು, ಬೀಜ ಎಲ್ಲ ಒಟ್ಟಿಗೇ ಬರುತ್ತೆ."

ಅವನು ಚಮಚ ತೆಗೆದುಕೊಂಡ. ಎರಡೇ ನಿಮಿಷದಲ್ಲಿ ಎರಡೂ ಹೋಳು ಬೋಳಾದವು. ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಸಮಾಧಾನವೂ ಆಯಿತು. ಅವಳು ಹೀಗೆ ಬೆಕ್ಕಿನ ನೆಪದಲ್ಲಿ ಕಾಡುತ್ತಿರುವಷ್ಟು ಹೊತ್ತು ಬ್ಯಾಗಿನ ಯೋಚನೆ ಅವಳಿಗಿಲ್ಲವೆಂದು ಅವನ ಲೆಕ್ಕ.

ಈಗ ಸಿಪ್ಪೆಯ ಸರದಿ. ನೀಲಿ ಗೆರೆಗಳ ಮೇಲೆ ಚಾಕು ಓಡಿಸಿ ಉದ್ದುದ್ದ ಹೋಳು ಮಾಡಿದ. ಒಂದು ಹೋಳನ್ನು ಹಲಗೆಯ ಮೇಲೆ ಮಗ್ಗುಲಾಗಿ ಮಲಗಿಸಿ, ಸಣ್ಣ ಚಾಕುವನ್ನು ಸಿಪ್ಪೆಯ ಅಂಚಿಗೆ ತಾಗಿಸಿದ. ಇಲ್ಲಿ ಅವನ ಕೈಗೆ ತನ್ನ ವಿದ್ಯೆ ನೆನಪಾಯಿತು. ಹೊಲಿಗೆ ಬಿಚ್ಚುವಾಗ ಬಟ್ಟೆಗೆ ತಾಗದ ಹಾಗೆ ಬ್ಲೇಡು ನಡೆಸುವ ಕೈ ಅದು. ಚಾಕು ಸಿಪ್ಪೆಯ ಕೆಳಗೆ ಸರ್ರನೆ ಹೊರಟು, ಈ ತುದಿಯಿಂದ ಆ ತುದಿಗೆ ಹೋಗಿ, ರಿಬ್ಬನ್ನಿನಂಥ ಒಂದು ಪಟ್ಟಿಯನ್ನು ಎಬ್ಬಿಸಿತು. ಟೇಪಣ್ಣ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಆಚೆಯ ಬೆಳಕು ಕಾಣುವಷ್ಟು ತೆಳು. ಅಷ್ಟು ತೆಳುವಾಗಿ ಸಿಪ್ಪೆ ತೆಗೆದವರು ಜಗತ್ತಿನಲ್ಲೇ ಇರಲಾರರು ಎಂದು ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಸಿಪ್ಪೆಯ ಕೆಳಗೆ ಹೋಳಿನ ಮೇಲೆ ಹಸಿರು ಬಣ್ಣದ ಗಟ್ಟಿ ಪದರ ಉಳಿದಿತ್ತು. ಅದನ್ನು ಅವನು ಕಂಡ. ಆದರೆ ಅದನ್ನೂ ಹೆರೆದು ಬಿಸಾಡಬೇಕೆಂದು ಅವನಿಗೆ ತೋಚಲಿಲ್ಲ. ಗಿರಾಕಿ ತಂದ ಬಟ್ಟೆಯಲ್ಲಿ ಒಂದು ನೂಲೆಳೆಯನ್ನೂ ದಂಡ ಮಾಡಬಾರದು ಎಂದು ಹದಿನಾಲ್ಕನೆಯ ವಯಸ್ಸಿನಲ್ಲಿ ಕಲಿತವನು. ಹಸಿರಾದರೇನು, ಕಾಯಿಯೇ ತಾನೆ.

ಹೋಳಿನ ಮೇಲೆ ಹೋಳು ಮುಗಿಯಿತು. ಕೈ ಲಯ ಹಿಡಿಯಿತು. ಮೆಷಿನ್ನು ಸರಾಗವಾಗಿ ಓಡುವಾಗ ಗುನುಗುವ ರಾಗವನ್ನು ತನಗೇ ಗೊತ್ತಿಲ್ಲದೆ ಗುನುಗತೊಡಗಿದ. ಒಂದು ಪಾತ್ರೆಯೂ ಬೀಳಲಿಲ್ಲ, ಒಂದು ಬೆರಳನ್ನೂ ಕೊಯ್ದುಕೊಳ್ಳಲಿಲ್ಲ. ಒಂಬತ್ತನೆಯ ಹೋಳಿನ ಹೊತ್ತಿಗೆ ಅವನಿಗೆ ಒಂದು ವಿಷಯ ಹೊಳೆಯಿತು. ಬಹಳ ಹೊತ್ತಿನಿಂದ ಬೆಕ್ಕಿಗೆ ಯಾರೂ ಏನೂ ಹೇಳಿರಲಿಲ್ಲ.

ಅವನು ಬಾಗಿಲಿನಿಂದ ಇಣುಕಿದ. ಬೆಕ್ಕು ಅಲ್ಲೇ ಇತ್ತು, ಕಣ್ಣು ಬಿಟ್ಟುಕೊಂಡು ಪಾಠಕ್ಕೆ ಕಾದಿತ್ತು. ಅಕ್ಕ ಮಾತ್ರ ಅದರ ಕಡೆ ನೋಡುತ್ತಿರಲಿಲ್ಲ. ಎಡಗೈಯನ್ನು ಪ್ಲಾಸ್ಟರಿನ ಮೇಲಿಟ್ಟುಕೊಂಡು ಬೀದಿಯ ತಿರುವನ್ನೇ ನೋಡುತ್ತಿದ್ದಳು. ಪುಟ್ಟಿಯ ಕಾರು ಬರುವುದು ಆ ತಿರುವಿನಿಂದಲೇ.

"ಅಕ್ಕಾ, ನೀರು ಬೇಕಾ?"

"ಬೇಡ."

ಅಷ್ಟೇ. ಅವಳ ಬಾಯಲ್ಲಿ 'ಬೇಡ' ಎಂಬುದು ಎಂದೂ ಹೀಗೆ ಒಂಟಿಯಾಗಿ ಬಂದದ್ದಿಲ್ಲ. 'ಬೇಡ ಕಣೋ, ನೀನೇ ಕುಡಿ, ಬೆವೆತು ಒದ್ದೆಯಾಗಿದೀಯ' ಎಂದು ಬಾಲ ಹಿಡಿದುಕೊಂಡೇ ಬರಬೇಕು. ಟೇಪಣ್ಣ ಇನ್ನೊಂದು ಕ್ಷಣ ಬಾಗಿಲಲ್ಲಿ ನಿಂತ. 'ಹೋಗಬೇಡ' ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. "ಸಿಪ್ಪೆ ಚೆನ್ನಾಗಿ ಬರ್ತಿದೆ," ಎಂದ.

"ಗೊತ್ತಾಗ್ತಿದೆ," ಎಂದಳು ಅಕ್ಕ, ತಿರುಗಿ ನೋಡದೆ.

ಅವನು ಸಪ್ಪೆ ಮುಖ ಹಾಕಿಕೊಂಡು ಒಳಗೆ ಬಂದ. ಅವಳ ಮನಸ್ಸು ಆಗಲೇ ಲಿಫ್ಟು ಹತ್ತಿಬಿಟ್ಟಿದೆ. ಇನ್ನು ಉಳಿದಿರುವುದು ಒಂದೇ ದಾರಿ. ಪುಟ್ಟಿಯ ಬಾಯಿ ಮುಚ್ಚಿಸುವಂಥ ಊಟ ಮಾಡಿ ಹಾಕಬೇಕು. ಆಮೇಲೆ ಷರತ್ತಿನ ಪ್ರಕಾರ ಅಕ್ಕ ಇಲ್ಲೇ ಉಳಿಯಲೇಬೇಕು.

ಹೋಳುಗಳನ್ನು ತುಂಡು ಮಾಡುವಾಗ ಅವನು ಅಳೆದೂ ಸುರಿದೂ ಯೋಚಿಸಿದ. ಒಂದು ತುತ್ತಿಗೆ ಒಂದು ತುಂಡು, ಅಂದರೆ ಒಂದು ಇಂಚು. ಆದರೆ ಬಿಸಿನೀರಿಗೆ ಬಿದ್ದದ್ದು ಕುಗ್ಗುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವನು ಅಳತೆಗೆ ಸರಿಯಾಗಿ ಹೊಲಿದ ಷರಟೊಂದು ಮೊದಲ ಒಗೆತಕ್ಕೇ ಕುಗ್ಗಿ, ಗಿರಾಕಿಯ ಹೊಕ್ಕುಳು ಕಾಣಿಸಿ, ಮೇಸ್ತ್ರಿ ಅವನ ಕಿವಿ ಹಿಂಡಿದ್ದ. ಹೆಚ್ಚಾದರೆ ಆಮೇಲೆ ಕತ್ತರಿಸಬಹುದು, ಕಡಿಮೆಯಾದರೆ ಎಲ್ಲಿಂದ ತರುವುದು? ಆದ್ದರಿಂದ ಟೇಪಣ್ಣ ಎಲ್ಲ ತುಂಡಿಗೂ ನಾಲ್ಕು ಕಡೆ ಕೈಬಿಚ್ಚಿ ಅಂಚು ಬಿಟ್ಟ. ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ತುಂಡುಗಳು ಪಾತ್ರೆಯ ತುಂಬ ಕೂತವು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಈರುಳ್ಳಿ ಹೆಚ್ಚಿ ಹಾಕಿದ. ಉಪ್ಪು ಹಾಕಿದ, ಮೆಣಸಿನ ಪುಡಿ ಹಾಕಿದ, ನೀರು ಹೊಯ್ದು ಮುಚ್ಚಳ ಮುಚ್ಚಿದ. ಪಕ್ಕದ ಒಲೆಯಲ್ಲಿ ಅನ್ನಕ್ಕಿಟ್ಟ. ಅನ್ನವನ್ನು ಈ ನಾಲ್ಕು ದಿನದಲ್ಲಿ ಎರಡು ಸಲ ತಳ ಹಿಡಿಸಿ ಕಲಿತಿದ್ದ. ಸ್ವಲ್ಪ ಹೊತ್ತಿಗೆ ಪಾತ್ರೆಯಿಂದ ಘಮಘಮ ಎಂದು ವಾಸನೆ ಎದ್ದಿತು. ಅದು ಹಜಾರಕ್ಕೂ ಹೋಗಿರಲೇಬೇಕು. ಹಜಾರದಿಂದ ಏನೂ ಮಾತು ಬರಲಿಲ್ಲ. ಮುಚ್ಚಳ ತೆಗೆದು ನೋಡಿದ. ತುಂಡುಗಳ ಅಂಚು ಕರಗಿ ಗೊಜ್ಜಾಗಿತ್ತು. ಬೆಂದಿದೆ ಎನ್ನಲು ಇನ್ನೇನು ಬೇಕು ಎಂದುಕೊಂಡು ಒಲೆ ಆರಿಸಿದ. ರುಚಿ ನೋಡಬೇಕೆಂಬ ಯೋಚನೆ ಅವನಿಗೆ ಬರಲಿಲ್ಲ. ಹೊಲಿದ ಪ್ಯಾಂಟನ್ನು ದರ್ಜಿ ತಾನೇ ಹಾಕಿಕೊಂಡು ನೋಡುತ್ತಾನೆಯೇ?

ಒಂದು ಗಂಟೆಗೆ ಐದು ನಿಮಿಷವಿರುವಾಗ ಪುಟ್ಟಿ ಬಂದಳು. ಬಂದವಳೇ ಅಕ್ಕನ ಪ್ಲಾಸ್ಟರು ನೋಡಿದಳು, ಜಡೆ ನೋಡಿ "ಇದ್ಯಾರು ಹೆಣೆದಿದ್ದು, ಅಣ್ಣಾನಾ?" ಎಂದು ಹುಬ್ಬೇರಿಸಿದಳು, ನೇರ ಅಡುಗೆಮನೆಗೆ ನುಗ್ಗಿ ಮುಚ್ಚಳ ತೆಗೆದಳು.

"ಅಣ್ಣಾ, ನೋಡೋಕೆ ಚೆನ್ನಾಗಿದೆಯಲ್ಲೋ," ಎಂದಳು, ನಿಜವಾಗಿಯೂ ಬೆರಗಾಗಿ. "ಅಕ್ಕಾ, ಇವನು ಗೆದ್ದುಬಿಟ್ಟ ಕಣೆ. ನೀನಿಲ್ದೇನೂ ಆರಾಮಾಗಿ ಇದ್ದುಬಿಡ್ತಾನೆ."

ಅಕ್ಕ ಎಡಗೈ ಊರಿ ಎದ್ದು ಬಂದು ಊಟದ ಮೇಜಿಗೆ ಕೂತಳು. "ಇರ್ಲಿ ಬಿಡು," ಎಂದಳು. "ಒಳ್ಳೇದೇ ಆಯ್ತು." ಗೆದ್ದ ತಮ್ಮನ ಅಕ್ಕನ ಮುಖ ಹಾಗಿರಬಾರದಿತ್ತು. ಆದರೆ ಟೇಪಣ್ಣ ಆಗ ಬಡಿಸುವ ಗಡಿಬಿಡಿಯಲ್ಲಿದ್ದ.

ಮೂರು ತಟ್ಟೆಗೂ ಅನ್ನ ಬಿತ್ತು, ಅನ್ನದ ಮೇಲೆ ಕುಂಬಳಕಾಯಿ ಬಿತ್ತು. ಒಂದು ತಟ್ಟೆಗೆ ಮೂರೇ ತುಂಡು ಹಿಡಿದವು. ಪುಟ್ಟಿ ಒಂದನ್ನು ಎತ್ತಿ ಕಚ್ಚಿದಳು. ಮೊದಲು ಮೆತ್ತಗಿತ್ತು. ಆಮೇಲೆ ಕರಕ್ ಎಂದಿತು. ಅವಳು ಜಗಿದಳು, ಜಗಿಯುತ್ತಲೇ ಇದ್ದಳು. ಕೊನೆಗೆ ಹಲ್ಲಿನ ನಡುವಿನಿಂದ ಏನನ್ನೋ ಎಳೆದು ತಟ್ಟೆಯ ಅಂಚಿಗಿಟ್ಟಳು.

"ಅಣ್ಣಾ, ಸಿಪ್ಪೆ ತೆಗ್ದಿಲ್ವಾ?"

"ತೆಗ್ದಿದೀನಿ." ಅವನು ಎದ್ದು ಹೋಗಿ ಸಿಪ್ಪೆಯ ತಟ್ಟೆಯನ್ನೇ ತಂದು ತೋರಿಸಿದ. "ನೋಡು, ಹೇಗೆ ಬಂದಿದೆ."

ಪುಟ್ಟಿ ಒಂದು ಸಿಪ್ಪೆಯನ್ನು ಎತ್ತಿ ಹಿಡಿದಳು. ಅದರ ಮೂಲಕ ಅಣ್ಣನ ಮುಖ ಮಸುಕಾಗಿ ಕಂಡಿತು. "ಇದು ಸಿಪ್ಪೆ ಅಲ್ಲ ಕಣೋ, ಸಿಪ್ಪೆ ಮೇಲಿನ ಧೂಳು. ಗಟ್ಟಿ ಎಲ್ಲ ಇಲ್ಲೇ ಇದೆ." ತುಂಡನ್ನು ಚಮಚದಿಂದ ಒತ್ತಿ ಸೀಳಿದಳು. ಹೊರಗೆ ಗೊಜ್ಜು, ನಡುವೆ ಹಸಿ. "ಇಷ್ಟು ದಪ್ಪ ಯಾಕೆ?"

"ಕುಗ್ಗುತ್ತೆ ಅಂತ..." ಎಂದ ಟೇಪಣ್ಣ.

ಅಕ್ಕ ಇನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು, ಒದ್ದಾಡಿ ಒಂದು ಚೂರು ಕತ್ತರಿಸಿ, ಬಾಯಿಗಿಟ್ಟಳು. ಕರಕ್. ಅವಳು ಜಗಿಯುವುದನ್ನು ಟೇಪಣ್ಣ ನೋಡಿದ. ಅಷ್ಟು ಹೊತ್ತಿನಿಂದ ಬಾಡಿದ್ದ ಆ ಮುಖ ನಿಧಾನವಾಗಿ ಅರಳಿತು. ಕಣ್ಣು ಅರಳಿತು, ಕೆನ್ನೆ ಅರಳಿತು, ಬಾಯಿ ತುಂಬಿದ್ದರೂ ನಗು ಹೊರಗೆ ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ಅವನು ನೋಡಿರಲಿಲ್ಲ. ಹೋಗುವುದಕ್ಕೆ ಇಷ್ಟು ಖುಷಿಯೇ ಇವಳಿಗೆ?

"ಮಾತು ಅಂದ್ರೆ ಮಾತು," ಎಂದಳು ಪುಟ್ಟಿ, ಕೈ ಒರೆಸಿಕೊಳ್ಳುತ್ತ. "ಅಕ್ಕಾ, ಬ್ಯಾಗ್ ಎಲ್ಲಿ? ನಾನೇ ಬಟ್ಟೆ ತುಂಬ್ತೀನಿ."

"ಬ್ಯಾಗ್ ಬೇಡ," ಎಂದ ಟೇಪಣ್ಣ.

ಇಬ್ಬರೂ ಅವನ ಕಡೆ ನೋಡಿದರು. ಅವನು ಸಿಪ್ಪೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

"ಇದನ್ನ ತಿಂದ್ಕೊಂಡು ಅವಳು ಆರು ವಾರ ಇರ್ಬೇಕಾ?" ಎಂದಳು ಪುಟ್ಟಿ.

"ಇದನ್ನ ತಿನ್ನೋದು ಬೇಡ. ಬ್ರೆಡ್ ತರ್ತೀನಿ. ಹೋಟೆಲಿಂದ ತರ್ತೀನಿ. ನಂಗೆ ಅಡುಗೆ ಬರಲ್ಲ ಪುಟ್ಟಿ. ಬರುತ್ತೆ ಅಂತ ತೋರ್ಸೋಕೆ ಹೋಗಿದ್ದೇ ತಪ್ಪು." ಅವನು ಕೈಯಲ್ಲಿದ್ದ ಸಿಪ್ಪೆಯನ್ನೇ ನೋಡುತ್ತ ಮುಂದುವರಿಸಿದ. "ಅಲ್ಲಿ ಅವಳು ಚೆನ್ನಾಗಿರ್ತಾಳೆ, ಗೊತ್ತು. ಆದ್ರೆ ಅವಳು ಹೋಗೋದು ನಂಗಿಷ್ಟ ಇಲ್ಲ. ಅವಳಿಲ್ದೆ ಈ ಮನೇಲಿ ನಂಗೆ ಇರೋಕಾಗಲ್ಲ. ಅಷ್ಟೇ. ಬೇರೆ ಕಾರಣ ಏನೂ ಇಲ್ಲ."

ಪುಟ್ಟಿ ಬ್ಯಾಂಕಿನಲ್ಲಿ ಎಂಥೆಂಥ ಅರ್ಜಿಗಳನ್ನೋ ಓದಿದ್ದಳು, ಇಂಥದ್ದನ್ನು ಓದಿರಲಿಲ್ಲ. ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಬಾಯಲ್ಲಿದ್ದದ್ದನ್ನು ಜಗಿದು ಮುಗಿಸಿದಳು. ಅದಕ್ಕೆ ಸಾಕಷ್ಟು ಸಮಯ ಹಿಡಿಯಿತು. ಆಮೇಲೆ ಎಡಗೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡು, ತಮ್ಮನನ್ನೇ ದಿಟ್ಟಿಸಿದಳು.

"ಲೋ ಪೆದ್ದ," ಎಂದಳು. "ಬೆಳಿಗ್ಗೆ ಮೊದಮೊದ್ಲು ಒಳ್ಗೆ ಧಡಾಧಡ ಅಂತಿತ್ತು. ಆಮೇಲೆ ಎಲ್ಲ ನಿಂತೋಯ್ತು. ಚಾಕು ಸರ್ರ್ ಸರ್ರ್ ಅಂತ ಓಡ್ತಿತ್ತು. ಒಂದ್ಸಲಾನೂ ಸಹಾಯಕ್ಕೆ ಅಕ್ಕಾ ಅಂತ ಕೂಗ್ಲಿಲ್ಲ. ಅದ್ರ ಮೇಲೆ ಹಾಡು ಬೇರೆ. ನಾನಲ್ಲಿ ಕೂತ್ಕೊಂಡು ಏನ್ ಅಂದ್ಕೊಂಡೆ ಗೊತ್ತಾ? ಆಯ್ತು, ಇವನಿಗೆ ಇದೂ ಬಂತು, ಇನ್ನು ಮುರಿದ ಕೈ ಇಟ್ಕೊಂಡು ನಾನ್ಯಾಕೆ ಇವನಿಗೆ ಭಾರವಾಗಿ ಇಲ್ಲಿರ್ಲಿ, ಹೋಗೋಣ ಅಂದ್ಕೊಂಡೆ. ಇವತ್ತು ನಿನ್ನ ಅಡುಗೆ ಚೆನ್ನಾಗಿದ್ದಿದ್ರೆ ನಾನು ಹೊರಟೇಬಿಡ್ತಿದ್ದೆ ಕಣೋ."

ಟೇಪಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು. ಸಿಪ್ಪೆಯ ತಟ್ಟೆಯನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದು ಕೂತ.

"ನಿಮ್ಮಿಬ್ರಿಗೂ ತಲೆ ನೆಟ್ಟಗಿಲ್ಲ," ಎಂದಳು ಪುಟ್ಟಿ. ಅವಳ ಕಣ್ಣೂ ಒದ್ದೆ. "ನಾಲ್ಕು ದಿನದಿಂದ ಒಬ್ರಿಗೊಬ್ರು ಬಾಯಿಬಿಟ್ಟು ಹೇಳ್ಕೊಳ್ಳೋಕೆ ಏನಾಗಿತ್ತು? ನಡುವೆ ನಾನು ಹಸ್ಕೊಂಡು ಬಂದು ಹಲ್ಲು ಮುರ್ಕೊಳ್ಬೇಕಾ?"

ಅಕ್ಕ ತನ್ನ ತಟ್ಟೆಯನ್ನು ಎಡಗೈಯಿಂದ ತಮ್ಮನ ಕಡೆಗೆ ತಳ್ಳಿದಳು.

"ಇನ್ನೆರಡು ಹೋಳು ಹಾಕೋ," ಎಂದಳು. "ಇಷ್ಟು ಕೆಟ್ಟ ಕುಂಬಳಕಾಯಿ ನಾನು ಹುಟ್ಟಿದಾಗಿಂದ ತಿಂದಿಲ್ಲ."